ಅಂಟು ಹಿಡಿದ ಮುರಾನೊ ದೀಪ

೨೦೦೨ರ ಮಾರ್ಚ್ ತಿಂಗಳಲ್ಲಿ ನಾನು ಡಾಲಸ್ ನಗರದ ಒಂದು ಸಣ್ಣ ಸಂಸ್ಥೆಯಲ್ಲಿ ಗ್ಲಾಸ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಗಾಜಿನ ದೀಪಗಳನ್ನು, ಅದರಲ್ಲೂ ಇಟಲಿಯಿಂದ ಬಂದವನ್ನು, ಬಿಚ್ಚಿ ತೊಳೆದು, ವೈರಿಂಗ್ ಬದಲಿಸಿ ಮತ್ತೆ ತೂಗುಹಾಕುವುದು ನಮ್ಮ ಕೆಲಸ. ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಮುಗಿಸಿದವಳು ಇಲ್ಲಿಗೆ ಹೇಗೆ ಬಂದಳು ಎಂದು ಕೇಳುವವರಿಗೆ ನಾನು ಕೊಟ್ಟ ಉತ್ತರ ಪ್ರತಿ ಸಲವೂ ಸ್ವಲ್ಪ ಬದಲಾಗಿದೆ. ಆದ್ದರಿಂದ ಇಲ್ಲಿ ಅದನ್ನು ಬಿಡುತ್ತೇನೆ. ನನ್ನ ಜೊತೆ ಓದಿದವರು ಟೆಲಿಕಾಂ ಕಂಪನಿಗಳಿಗೆ ಸೇರಿದ್ದರು. ಆ ವರ್ಷ ಅವರಲ್ಲಿ ಅನೇಕರು ಕೆಲಸ ಕಳೆದುಕೊಂಡು, ಸೋಫಾ ಟಿವಿ ಮಾರಿ, ಊರಿಗೆ ಟಿಕೆಟ್ ಮಾಡಿಸುತ್ತಿದ್ದರು. ನನ್ನದು ಎಚ್-೧ಬಿ ವೀಸಾ. ಅಂದರೆ ಒಬ್ಬ ಮಾಲೀಕನ ಹೆಸರಿಗೆ ಕಟ್ಟಿಹಾಕಿದ ಪರವಾನಗಿ. ಆತ ಬೇಡವೆಂದರೆ ದೇಶ ಬಿಡಬೇಕು. ಅದರ ಅವಧಿ ಆ ಬೇಸಿಗೆಯಲ್ಲಿ ಮುಗಿಯುವುದಿತ್ತು. ವಿಸ್ತರಣೆಗೆ ಅರ್ಜಿ ಹಾಕಬೇಕಾದವರು ನಮ್ಮ ಮಾಲೀಕ ಡೇಲ್.

ಆ ತಿಂಗಳ ಒಂದು ವಾರ ನಾನು ಒಂದು ಮುರಾನೊ ದೀಪದ ಕೆಲಸಕ್ಕೆ ಹೋಗಿದ್ದೆ. ಆ ವಾರದ ಡೈರಿ ನನ್ನ ಹತ್ತಿರ ಈಗಲೂ ಇದೆ. ಆದರೆ ಅದರಲ್ಲಿ ಕೆಲಸಕ್ಕಿಂತ ಊಟದ ವಿವರವೇ ಹೆಚ್ಚು. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಡೈರಿಯದು, ಅರ್ಧ ನೆನಪಿನದು. ಒಂದು ಕಡೆ ಎರಡೂ ಜಗಳವಾಡುತ್ತವೆ. ಆ ಜಾಗ ಬಂದಾಗ ಹೇಳುತ್ತೇನೆ.

ದೀಪ ಇದ್ದದ್ದು ಡಾಲಸ್‌ನಿಂದ ಮೂರು ಗಂಟೆ ದೂರದಲ್ಲಿ, ಆಸ್ಟಿನ್‌ನ ಉತ್ತರಕ್ಕೆ, ರೌಂಡ್ ರಾಕ್‌ನ ಒಂದು ಹಳೆಯ ಬೀದಿಯ ಮನೆಯಲ್ಲಿ. ಮನೆಯಾಕೆ ರೋಸಾ, ಎಂಬತ್ತರ ಹತ್ತಿರದ ವಿಧವೆ. ಹುಟ್ಟಿದ್ದು ವೆನಿಸ್ ಪಕ್ಕದ ಮುರಾನೊ ದ್ವೀಪದಲ್ಲಿ. ಅಪ್ಪ ಅಲ್ಲಿ ಗಾಜಿನ ಕುಲುಮೆಯಲ್ಲಿದ್ದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರೋಸಾ ಟೆಕ್ಸಸ್‌ನ ಒಬ್ಬ ಸೈನಿಕನನ್ನು ಮದುವೆಯಾಗಿ ಬಂದರು. ಕೆಲವು ವರ್ಷಗಳ ನಂತರ, ಹುಲ್ಲು ತುಂಬಿದ ಮರದ ಪೆಟ್ಟಿಗೆಗಳಲ್ಲಿ ಈ ಶಾಂಡಲಿಯರ್ ಹಡಗಿನಲ್ಲಿ ಬಂತು. ಎಂಟು ತೋಳುಗಳ ತೂಗುದೀಪ; ತೆಳು ಜೇನಿನ ಬಣ್ಣ, ಗಾಜಿನ ಒಳಗೆ ಚಿನ್ನದ ಚುಕ್ಕಿಗಳು. ಆ ಚುಕ್ಕಿಗಳನ್ನು ಮೇಲಿನಿಂದ ಸಿಂಪಡಿಸಿದ್ದಲ್ಲ. ಕಾದ ಗಾಜಿನ ಮುದ್ದೆಗೆ ಚಿನ್ನದ ರೇಕು ಹೊದಿಸಿ, ಅದರ ಮೇಲೆ ಇನ್ನೊಂದು ಪದರ ಗಾಜು ತೆಗೆದುಕೊಂಡು ಊದುತ್ತಾರೆ. ಗಾಜು ಹಿಗ್ಗುತ್ತದೆ, ರೇಕು ಹಿಗ್ಗಲಾರದೆ ಹರಿದು ಚುಕ್ಕಿಗಳಾಗುತ್ತದೆ.

ರೋಸಾ ಅವರಿಗೆ ಹಿಂದಿನ ವರ್ಷ ಸೊಂಟದ ಆಪರೇಷನ್ ಆಗಿತ್ತು. ಚಳಿಗಾಲದಲ್ಲಿ ಬಚ್ಚಲಿನಲ್ಲಿ ಬಿದ್ದು, ಬೆಳಗಾಗುವವರೆಗೆ ಅಲ್ಲಿಯೇ ಇದ್ದರು. ಇನ್ನು ಒಬ್ಬರೇ ಇರುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹ್ಯೂಸ್ಟನ್‌ನಲ್ಲಿರುವ ಮಗಳು ಏಂಜೆಲಾ ಮನೆಯಲ್ಲಿ ಕೋಣೆ ಸಿದ್ಧ ಮಾಡಿದ್ದರು. ಆದರೆ ರೋಸಾ ಹಿಡಿದದ್ದು ಒಂದೇ ಹಟ: ದೀಪ ಅಲ್ಲಿ ತೂಗಿದರೆ ತಾನೂ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಆ ದೀಪವನ್ನು ಇಡಿಯಾಗಿ ಇಳಿಸಿ ಹ್ಯೂಸ್ಟನ್‌ಗೆ ಮುಟ್ಟಿಸುವುದು ಆಕೆಯ ಪ್ರಾಣದ ಪ್ರಶ್ನೆಯೂ ಆಗಿತ್ತು. ನನಗೆ ಅದು ಒಂದು ದಿನದ ಕೆಲಸ ಎಂದು ಕಂಡಿತ್ತು. ಸಂಸ್ಥೆಯ ವ್ಯಾನ್ ಸೋಮವಾರ ಬೆಳಿಗ್ಗೆ ನನ್ನನ್ನೂ ಏಣಿಯನ್ನೂ ಇಳಿಸಿ, ಬೇರೆ ಕೆಲಸಕ್ಕೆಂದು ಡಾಲಸ್‌ಗೆ ಹಿಂತಿರುಗಿತು.

ಏಣಿ ಹತ್ತಿ ಮೊದಲ ತೋಳನ್ನು ಮೆಲ್ಲಗೆ ಎತ್ತಿದೆ. ಅದು ಬರಲಿಲ್ಲ.

ಇಲ್ಲಿ ಒಂದು ವಿವರಣೆ ಬೇಕು. ಮುರಾನೊ ದೀಪದ ನಡುವೆ ಒಂದು ದೊಡ್ಡ ಗಾಜಿನ ಬಟ್ಟಲು, ಅದರೊಳಗೆ ಲೋಹದ ತಟ್ಟೆ, ತಟ್ಟೆಯ ಅಂಚಿಗೆ ಗೂಡುಗಳು. ಪ್ರತಿ ತೋಳಿನ ಬುಡ ಒಂದೊಂದು ಗೂಡಿನಲ್ಲಿ ಕೂತಿರುತ್ತದೆ. ಕೂತಿರುತ್ತದೆ ಅಷ್ಟೇ, ಯಾವುದೂ ಅದನ್ನು ಹಿಡಿದಿರುವುದಿಲ್ಲ. ಬಲ್ಬಿನ ಬಿಸಿಗೆ ಲೋಹ ಒಂದು ಅಳತೆಯಲ್ಲಿ ಹಿಗ್ಗುತ್ತದೆ, ಗಾಜು ಇನ್ನೊಂದು ಅಳತೆಯಲ್ಲಿ. ನಡುವಿನ ಸಡಿಲ ಎರಡನ್ನೂ ಕಾಪಾಡುತ್ತದೆ. ತೋಳುಗಳು ಅಲ್ಲಾಡುವುದು ದೋಷವಲ್ಲ, ಅದು ಕಟ್ಟಿದ ರೀತಿ. ರೋಸಾ ಅವರ ದೀಪದಲ್ಲಿ ಎಂಟೂ ಗೂಡುಗಳಿಗೆ ಯಾರೋ ಎಪಾಕ್ಸಿ ತುಂಬಿದ್ದರು. ಎಪಾಕ್ಸಿ ಎಂದರೆ ಎರಡು ಟ್ಯೂಬ್‌ಗಳದ್ದನ್ನು ಬೆರೆಸಿ ಹಚ್ಚುವ, ಒಣಗಿದರೆ ಕಲ್ಲಿನಂತಾಗುವ ಅಂಟು. ಅಚ್ಚುಕಟ್ಟಾದ ಕೆಲಸ, ಅಂಚನ್ನು ಒದ್ದೆ ಬೆರಳಿನಿಂದ ಸವರಿ ನುಣುಪು ಮಾಡಿದ್ದರು. ಎರಡು ತೋಳುಗಳ ಬುಡದಲ್ಲಿ ಆಗಲೇ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು. ಹಾಗೇ ಬಿಟ್ಟಿದ್ದರೆ ಒಂದಲ್ಲ ಒಂದು ದಿನ ತೋಳು ಕೆಳಗಿನ ಊಟದ ಮೇಜಿನ ಮೇಲೆ ಬೀಳುತ್ತಿತ್ತು.

ಕೆಳಗೆ ಕುರ್ಚಿಯಲ್ಲಿ ಕೂತಿದ್ದ ರೋಸಾ ಹೇಳಿದರು: "ನಾನು ಆಸ್ಪತ್ರೆಯಿಂದ ಬಂದಾಗಿನಿಂದ ಇದು ಸುಮ್ಮನಾಗಿಬಿಟ್ಟಿದೆ. ಮೊದಲು ಎ.ಸಿ. ಶುರುವಾದರೆ ಟಿಣ್ ಟಿಣ್ ಅನ್ನುತ್ತಿತ್ತು. ನನ್ನ ಕಿವಿ ಹೋಯಿತೇನೋ ಅಂದುಕೊಂಡೆ."

ಡೇಲ್‌ಗೆ ಫೋನ್ ಮಾಡಿದೆ. ಅಂಟನ್ನು ದ್ರಾವಕದ ಆವಿಯಿಂದ ಉಬ್ಬಿಸಿ ಬಿಡಿಸಬೇಕು. ಶನಿವಾರದವರೆಗೆ ಹಿಡಿಯುತ್ತದೆ ಎಂದೆ. "ಶನಿವಾರ ನಾನೇ ವ್ಯಾನ್ ತರುತ್ತೇನೆ. ಅಲ್ಲಿಯೇ ಇರು," ಎಂದರು. ಟೆಕ್ಸಸ್‌ನಲ್ಲಿ ಕಾರಿಲ್ಲದೆ ಒಂದು ಬಡಾವಣೆಯಲ್ಲಿ ಉಳಿದವರಿಗೆ ಮಾತ್ರ ಆ ಮಾತಿನ ಅರ್ಥ ಗೊತ್ತು. ಬಸ್ಸಿಲ್ಲ, ಅಂಗಡಿಗೆ ನಡೆದು ಹೋಗಲು ಪಾದಚಾರಿ ದಾರಿಯಿಲ್ಲ, ಹತ್ತಿರದ ಮೋಟೆಲ್ ಹೆದ್ದಾರಿಯ ಆಚೆಗೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ಹೆಂಗಸು ರೋಸಾ ಅವರಿಗೆಂದು ಡಬ್ಬಿಯಲ್ಲಿ ಉಪ್ಪಿಟ್ಟು ತಂದರು. ನನ್ನ ಮುಖ ನೋಡಿ, ಹೆಸರು ಕೇಳಿ, ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ಬಂದರು. ಶೈಲಜಾ, ಧಾರವಾಡದವರು. ಗಂಡ ಗುರುರಾಜ ಅಲ್ಲಿನ ಕಂಪ್ಯೂಟರ್ ಕಂಪನಿಯಲ್ಲಿ ಹಾರ್ಡ್‌ವೇರ್ ಎಂಜಿನಿಯರ್.

"ಮೋಟೆಲ್‌ನ್ಯಾಗ ಯಾಕ ಇರ್ತೀರಿ? ಬಾಜೂಕ ನಮ್ಮ ಮನಿ ಇಲ್ಲೇನ್ರಿ?" ಎಂದು ನನ್ನ ಚೀಲವನ್ನು ತಾವೇ ಎತ್ತಿಕೊಂಡು ನಡೆದರು. ಬೇಡವೆನ್ನಲು ನನಗೆ ಕಾರಣವಿರಲಿಲ್ಲ. ಆ ಕ್ಷಣ ಸಂತೋಷವೂ ಆಯಿತು. ಡೈರಿಯಲ್ಲಿ ಹಾಗೇ ಇದೆ.

ಆ ಸಂಜೆ ಊಟಕ್ಕೆ ಕೂತಾಗ ಶೈಲಜಾ ಚಟ್ನಿ ರುಬ್ಬಿದ ಮಿಕ್ಸಿ ಜಾರನ್ನು ಮೇಜಿನ ಮೇಲಿಟ್ಟರು. ಅದರ ಹಿಡಿ ಮುರಿದು ಅಂಟಿಸಿದ್ದು. ಅಂಚನ್ನು ಒದ್ದೆ ಬೆರಳಿನಿಂದ ಸವರಿ ನುಣುಪು ಮಾಡಿದ್ದರು. ನಾನು ಕೂತ ಕುರ್ಚಿಯ ಕಾಲು, ದೇವರ ಮಂಟಪದ ಗೋಪುರ, ಮಜ್ಜಿಗೆ ಜಗ್ಗಿನ ಮೂತಿ, ಎಲ್ಲದರಲ್ಲೂ ಅದೇ ಬೆರಳು. ನನ್ನ ಕಣ್ಣು ಒಂದೊಂದರ ಮೇಲೂ ನಿಲ್ಲುತ್ತಿರುವುದನ್ನು ಗುರುರಾಜ ಗಮನಿಸಿದರು.

"ಇವ್ರ ಕೈಯಾಗ ಆ ಟ್ಯೂಬ್ ಸಿಕ್ರ ಮುಗೀತ್ರಿ," ಎಂದು ಶೈಲಜಾ ನಕ್ಕರು. "ಒಂದಿನ ನನ್ನ ಬಾಯಿಗೂ ಹಚ್ತಾರ."

ಗುರುರಾಜ ನಗಲಿಲ್ಲ. ತಟ್ಟೆ ನೋಡುತ್ತಲೇ ಹೇಳಿದರು: "ಅದು ಅಳ್ಳಾಡತಿತ್ರಿ. ಆಂಟಿ ಆಸ್ಪತ್ರಿಯೊಳಗಿದ್ರು, ಗಿಡಕ್ಕ ನೀರು ಹಾಕಾಕ ಹೋಗಿದ್ದೆ. ನೋಡಿದ್ರ ಎಂಟೂ ಸಡ್ಲ ಆಗ್ಯಾವ. ಅವ್ರ ಕುರ್ಚಿ ಅದರ ಬುಡಕ್ಕ. ಬಿದ್ರ ಏನ್ ಗತಿ ಅಂತ ಹಚ್ಚಿಬಿಟ್ಟೆ. ಹೇಳೂದ್ರಾಗ ಏನದ ಅಂತ ಹೇಳ್ಲಿಲ್ಲ."

ಬಚ್ಚಲಿನಲ್ಲಿ ಬಿದ್ದ ರೋಸಾ ಅವರನ್ನು ಬೆಳಿಗ್ಗೆ ಕಂಡು ಆಂಬುಲೆನ್ಸ್ ಕರೆದವರೂ ಇವರೇ ಎಂದು ಆಮೇಲೆ ಗೊತ್ತಾಯಿತು. ಅಲ್ಲಾಡುವುದನ್ನು ಕಂಡರೆ ಬಿಗಿ ಮಾಡುವುದು ಎಂಜಿನಿಯರನ ಕೈಗುಣ. ಹೇಳದೆ ಮಾಡುವುದು ನಮ್ಮವರ ಉಪಕಾರದ ರೀತಿ. ಸಡಿಲ ಏಕಿತ್ತೆಂದು ವಿವರಿಸಿದೆ. ಬಿರುಕಿನ ವಿಷಯ ಹೇಳಿದಾಗ ಅವರ ಕೈಯಲ್ಲಿದ್ದ ಚಪಾತಿ ಚೂರು ಹಾಗೇ ನಿಂತಿತು.

"ಆಂಟಿ ಮಗಳು ಲಾಯರ್ ಇದ್ದಾಳ್ರಿ," ಎಂದರು. "ನಮ್ಮ ಗ್ರೀನ್ ಕಾರ್ಡ್ ಕಡೀ ಹಂತದಾಗ ಅದ. ಆಫೀಸ್‌ನ್ಯಾಗ ವಾರಕ್ಕೊಬ್ರನ್ನ ತಗೀಲಿಕ್ಕತ್ತಾರ. ಇಂಥಾದ್ರಾಗ ಕೋರ್ಟು ಗೀರ್ಟು ಅಂದ್ರ..." ಚಪಾತಿ ಚೂರನ್ನು ತಟ್ಟೆಯಲ್ಲಿಟ್ಟರು. "ಹೇಳಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಕೇಳಿದ್ರ ಏನ್ ಹೇಳ್ತೀರಿ, ಅಷ್ಟು ತಿಳಿಸ್ರಿ."

"ನನಗಿನ್ನೂ ಗೊತ್ತಿಲ್ಲ," ಎಂದೆ. ಅದು ನಿಜವಾಗಿತ್ತು.

"ಮೊದ್ಲ ಊಟ ಮಾಡ್ರಿ," ಎಂದು ಶೈಲಜಾ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು.

ಗುರುರಾಜ ಎದ್ದು ಹೋಗಿ ಗ್ಯಾರೇಜಿನಿಂದ ಅಂಟಿನ ಟ್ಯೂಬ್‌ಗಳನ್ನು ತಂದು ಕೊಟ್ಟರು. ನನಗೆ ಅದು ಬೇಕೇ ಬೇಕಾಗಿತ್ತು. ಯಾವ ಅಂಟೆಂದು ಗೊತ್ತಾದರೆ ಯಾವ ದ್ರಾವಕ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಬಹುದು. ಊಹೆಯ ಮೇಲೆ ಹೋದರೆ ಗಾಜು ಹೋಗುತ್ತದೆ. ದೀಪವನ್ನು ಉಳಿಸುವ ದಾರಿ ಅವರ ತಪ್ಪೊಪ್ಪಿಗೆಯ ಮೂಲಕವೇ ಬಂದಿತ್ತು. ಅದನ್ನು ಬಳಸಿಕೊಂಡು ಅವರ ಹೆಸರು ಹೇಳುವುದು ಹೇಗೆ? ಅದನ್ನು ಬಳಸಿಕೊಂಡು ಹೆಸರು ಮುಚ್ಚಿಡುವುದಾದರೂ ಹೇಗೆ?

ಮಂಗಳವಾರದಿಂದ ಕೆಲಸ ಶುರುವಾಯಿತು. ಪೇಂಟ್ ಕೀಳಲು ಬಳಸುವ ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ಹತ್ತಿ ನೆನೆಸಿ, ಗೂಡಿನ ಸುತ್ತ ಇಟ್ಟು, ಅಲ್ಯೂಮಿನಿಯಂ ಹಾಳೆಯಿಂದ ಬಿಗಿಯಾಗಿ ಸುತ್ತುವುದು, ಆವಿ ಒಳಗೆ ಇಳಿದು ಅಂಟನ್ನು ಮೆತ್ತಗೆ ಮಾಡುವವರೆಗೆ ಕಾಯುವುದು, ಮರದ ಕಡ್ಡಿಯಿಂದ ಚೂರು ಚೂರೇ ಕೆರೆಯುವುದು, ಮತ್ತೆ ಸುತ್ತುವುದು. ಆ ಆವಿ ವಿಷ. ಊಟದ ಕೋಣೆಯ ಕಿಟಕಿಗಳನ್ನೆಲ್ಲ ತೆರೆದು, ಬಾಗಿಲು ಮುಚ್ಚಿ, ಮಾಸ್ಕ್ ಹಾಕಿಕೊಂಡು ನಾನು ಒಳಗೆ. ಮುಚ್ಚಿದ ಬಾಗಿಲಿನ ಆಚೆ, ಅಡುಗೆಮನೆಯಲ್ಲಿ, ವಾಕರ್ ಹಿಡಿದು ರೋಸಾ. ಏಣಿಯ ಮೇಲಿಂದ ನೋಡಿದರೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಗುರುರಾಜರ ಮನೆ. ಸಂಜೆ ಹೋಗುವುದು ಅಲ್ಲಿಗೇ, ಬೆಳಿಗ್ಗೆ ಬರುವುದು ಇಲ್ಲಿಗೇ, ನಡುವೆ ಒಂದು ಬೇಲಿ. ಆ ಮನೆಯಲ್ಲಿ ದೀಪದ ಮಾತು ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಇರುವುದೇ ಒಂದು ಭಾರವಾಗಿತ್ತು. ಬುಧವಾರ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರುವಾರ ಹೋಳಿಗೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಯಾರೂ ನನಗೆ ನೆನಪಿಸಲಿಲ್ಲ. ನೆನಪಿಸುವ ಅಗತ್ಯವಿರಲಿಲ್ಲ.

ಗುರುವಾರ ಸಂಜೆ ಡೇಲ್ ಆ ಮನೆಯ ಫೋನಿಗೇ ಕರೆಮಾಡಿದರು. ಫೋನ್ ಅಡುಗೆಮನೆಯ ಗೋಡೆಯ ಮೇಲಿತ್ತು. ಶೈಲಜಾ ಹೋಳಿಗೆ ತಟ್ಟುತ್ತಿದ್ದರು, ಗುರುರಾಜ ಫ್ರಿಜ್ ಬಾಗಿಲು ತೆರೆದು ನಿಂತಿದ್ದರು.

"ಯಾವ ಅಂಟು?" ಎಂದರು ಡೇಲ್. ಹೇಳಿದೆ. "ಅಷ್ಟು ಖಚಿತವಾಗಿ ಹೇಗೆ ಗೊತ್ತು?"

ನಾನು ಎಷ್ಟು ತೋಳು ಬಿಡಿಸಿದ್ದೇನೆಂದು ಹೇಳತೊಡಗಿದೆ. ಡೇಲ್ ಕೆಟ್ಟವರಲ್ಲ. ಹಿಂದೆ ಯಾರು ಏನು ಮಾಡಿದರೆಂದು ಕಂಡಿಷನ್ ರಿಪೋರ್ಟ್‌ನಲ್ಲಿ, ಅಂದರೆ ವಸ್ತು ನಮ್ಮ ಕೈಗೆ ಬಂದ ಸ್ಥಿತಿಯ ವರದಿಯಲ್ಲಿ, ಇರದಿದ್ದರೆ ಸಾಗಣೆಯ ವಿಮೆ ಸಿಗುತ್ತಿರಲಿಲ್ಲ. ದಾರಿಯಲ್ಲಿ ಏನು ಒಡೆದರೂ ಅದು ನಮ್ಮ ತಲೆಗೆ ಬರುತ್ತಿತ್ತು. "ಶನಿವಾರದೊಳಗೆ ನನಗೆ ಹೆಸರು ಬೇಕು," ಎಂದರು. "ಇಲ್ಲದಿದ್ದರೆ ಅದನ್ನು ವ್ಯಾನಿಗೆ ಹತ್ತಿಸುವುದಿಲ್ಲ. ಅಂದಹಾಗೆ ನಿನ್ನ ವೀಸಾ ಕಾಗದಗಳನ್ನು ವಕೀಲರು ಕಳಿಸಿದ್ದಾರೆ. ಬಂದಾಗ ಅದನ್ನೂ ಮಾತಾಡೋಣ."

ಈ ಎರಡು ಮಾತುಗಳಿಗೆ ಅವರು ಸಂಬಂಧ ಕಲ್ಪಿಸಿದ್ದರೇ? ಇಲ್ಲವೆಂದು ಈಗ ಅನಿಸುತ್ತದೆ. ಆಗ ನಾನು ಕಲ್ಪಿಸಿದೆ. ಫೋನ್ ಇಟ್ಟಾಗ ಗುರುರಾಜ ಇನ್ನೂ ಫ್ರಿಜ್ ಬಾಗಿಲು ಹಿಡಿದೇ ನಿಂತಿದ್ದರು. ಶೈಲಜಾ ಹಿಂತಿರುಗದೆ ಹೇಳಿದರು: "ಬಾಗ್ಲಾ ಹಾಕ್ರಿ. ಹಾಲು ಕೆಡ್ತದ."

ಶುಕ್ರವಾರದ ಹೊತ್ತಿಗೆ ಏಳು ತೋಳುಗಳು ಬಂದವು. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೇಜಿಗೆ ತಂದಾಗ ರೋಸಾ ಅದನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಎಂಟನೆಯದು ಮಾತ್ರ ಕದಲಲಿಲ್ಲ. ಆ ಗೂಡಿನಲ್ಲಿ ಅಂಟು ತುಂಬಿ ಹರಿದು ನಡುವಿನ ಗಾಜಿನ ಬಟ್ಟಲಿಗೂ ಹಿಡಿದಿತ್ತು. ತೋಳನ್ನು ಹಾಗೇ ಬಿಟ್ಟು ಸಾಗಿಸಿದರೆ ದಾರಿಯ ಕುಲುಕಿಗೆ ಬಟ್ಟಲು ಸೀಳುವುದು ಖಂಡಿತ. ಅಷ್ಟು ದೊಡ್ಡ ಬಟ್ಟಲನ್ನು ಊದುವವರು ಮುರಾನೊದಲ್ಲೂ ಕಡಿಮೆಯಾಗಿದ್ದರು. ಅದು ಹೋದರೆ ದೀಪವೇ ಹೋದಂತೆ.

ಶನಿವಾರ ಬೆಳಿಗ್ಗೆ ಹ್ಯೂಸ್ಟನ್‌ನಿಂದ ಏಂಜೆಲಾ, ಡಾಲಸ್‌ನಿಂದ ಡೇಲ್, ಸುಮಾರು ಒಂದೇ ಹೊತ್ತಿಗೆ ಬಂದರು. ಊಟದ ಕೋಣೆಯಲ್ಲಿ ಒಂಟಿ ತೋಳಿನೊಂದಿಗೆ ತೂಗುತ್ತಿದ್ದ ದೀಪದ ಕೆಳಗೆ ಎಲ್ಲರೂ ನಿಂತೆವು. ಗುರುರಾಜ ಕಾಫಿ ಫ್ಲಾಸ್ಕ್ ಹಿಡಿದು ಬಾಗಿಲ ಬಳಿ ಬಂದಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

ನಾನು ಕಂಡದ್ದನ್ನು ಕಂಡಂತೆ ವಿವರಿಸಿದೆ. ಏಂಜೆಲಾ ಕೇಳಿದರು: "ಯಾರು ಮಾಡಿದ್ದು ಇದನ್ನು?"

ಡೇಲ್ ನನ್ನನ್ನು ನೋಡಿದರು.

ಇಲ್ಲಿಯೇ ಡೈರಿಗೂ ನೆನಪಿಗೂ ಜಗಳ. ನೆನಪಿನಲ್ಲಿ ಮೊದಲು ಮಾತಾಡಿದವರು ರೋಸಾ, ಯಾರ ಕೆಲಸವೆಂದು ಊಹಿಸಿದ್ದರೇನೋ: "ನಾನೇ ಹೇಳಿ ಮಾಡಿಸಿದೆ. ಆ ಟಿಣ್ ಟಿಣ್ ನನಗೆ ಸಾಕಾಗಿತ್ತು." ಆಮೇಲೆ ಗುರುರಾಜ, ಇಂಗ್ಲಿಷಿನಲ್ಲಿ, ಮೆಲ್ಲಗೆ: "ಇಲ್ಲ ಆಂಟಿ. ನೀವು ಆಸ್ಪತ್ರೆಯಲ್ಲಿದ್ದಿರಿ. ನಾನು ಯಾರನ್ನೂ ಕೇಳಲಿಲ್ಲ." ಡೈರಿಯಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ಗುರುರಾಜ ಮೊದಲು ಒಪ್ಪಿಕೊಳ್ಳುತ್ತಾರೆ, ರೋಸಾ ಆಮೇಲೆ ಅವರನ್ನು ಉಳಿಸಲು ಸುಳ್ಳು ಹೇಳುತ್ತಾರೆ. ಎರಡರ ನಡುವೆ ಬಹಳ ಅಂತರವಿದೆ. ಮೊದಲನೆಯದರಲ್ಲಿ ಗುರುರಾಜ ತಮಗಾಗಿ ತೆರೆದ ಬಾಗಿಲನ್ನು ತಾವೇ ಮುಚ್ಚಿದರು. ಎರಡನೆಯದರಲ್ಲಿ ಬಾಗಿಲೇ ಕಾಣದೆ ಹೆಜ್ಜೆ ಇಟ್ಟರು. ಅದೇ ದಿನ ಬರೆದ ಡೈರಿಯನ್ನು ನಂಬಬೇಕು. ಆದರೆ ಅಂದು ನಾನು ಬರೆದದ್ದು ಮಧ್ಯಾಹ್ನ ಹೊರಡುವ ಮುನ್ನ ಅವರ ಮನೆಯಲ್ಲಿ ಕೂತು, ಅವರ ಅನ್ನ ಉಂಡು. ಅವರನ್ನು ಕೊಂಚ ಎತ್ತರಿಸಿ ಬರೆದಿರಬಹುದು. ಯಾವ ಕ್ರಮ ಅವರನ್ನು ಹೆಚ್ಚು ಎತ್ತರಿಸುತ್ತದೆ ಎಂಬುದೂ ನನಗೆ ಈಗ ಸ್ಪಷ್ಟವಿಲ್ಲ.

ಮುಂದಿನದರ ಬಗ್ಗೆ ಅನುಮಾನವಿಲ್ಲ. ಏಂಜೆಲಾ ಗುರುರಾಜರ ಕಡೆ ತಿರುಗಿದರು. "ಅಮ್ಮ ಬಿದ್ದಾಗ ಬಂದದ್ದು ನೀವೇ ಅಲ್ಲವೇ?" ಎಂದರು. ಅವರು ತಲೆಯಾಡಿಸಿದರು. "ಹಾಗಾದರೆ ಆ ಫ್ಲಾಸ್ಕ್ ಕೆಳಗಿಡಿ. ಇದನ್ನು ಇಳಿಸಲು ಕೈ ಬೇಕು."

ಡೇಲ್ ತಮಗೆ ಬೇಕಾದ ಹೆಸರನ್ನು ಬರೆದುಕೊಂಡರು.

ಉಳಿದದ್ದು ಎಂಟನೆಯ ತೋಳು. ಬಟ್ಟಲು ಉಳಿಯಬೇಕಾದರೆ ತೋಳನ್ನು ಬುಡದ ಹತ್ತಿರ ಕತ್ತರಿಸಬೇಕು, ಬೇರೆ ದಾರಿಯಿಲ್ಲ ಎಂದು ರೋಸಾ ಅವರಿಗೆ ಹೇಳಿದೆ. ಆಕೆ ಅಳುತ್ತಾರೆಂದು ಹೆದರಿದ್ದೆ.

"ಕತ್ತರಿಸು," ಎಂದರು. "ನನ್ನ ಅಪ್ಪನ ಕುಲುಮೆಯಲ್ಲಿ ದಿನಾ ಏನಾದರೂ ಒಡೆಯುತ್ತಿತ್ತು. ಗುಡಿಸಿ ಮತ್ತೆ ಕುಲುಮೆಗೇ ಹಾಕುತ್ತಿದ್ದರು. ಯಾರೂ ಅದಕ್ಕೆ ತಿಥಿ ಮಾಡುತ್ತಿರಲಿಲ್ಲ." ತಿಥಿ ಎಂಬುದು ನನ್ನ ಅನುವಾದ; ಆಕೆ ಅಂದದ್ದು ಪ್ರಾರ್ಥನೆ ಎಂದೋ ಏನೋ.

ಗುರುರಾಜ ತೋಳನ್ನು ಎರಡು ಕೈಯಲ್ಲಿ ಆತು ಹಿಡಿದರು. ನಾನು ವಜ್ರದ ಪುಡಿ ಕೂರಿಸಿದ ಸಣ್ಣ ಚಕ್ರದಿಂದ, ನೀರು ಬಿಡುತ್ತಾ, ಕೊಯ್ದೆ. ತೋಳು ಅವರ ಕೈಗೆ ಬಂತು. ಬಟ್ಟಲು ಉಳಿಯಿತು. ಮಧ್ಯಾಹ್ನ ವ್ಯಾನ್ ಹೊರಟಾಗ ಗುರುರಾಜ ತಮ್ಮ ಕಾರಿನಲ್ಲಿ ಹ್ಯೂಸ್ಟನ್‌ವರೆಗೂ ಹಿಂದೆಯೇ ಬಂದರು. ಪಕ್ಕದ ಸೀಟಿನಲ್ಲಿ ರೋಸಾ ಇದ್ದರು. ಮಗಳ ಕಾರಿಗಿಂತ ಆ ಕಾರು ಹತ್ತುವುದು ಸುಲಭ ಎಂದು ಕಾರಣ ಕೊಟ್ಟರಂತೆ.

ಏಂಜೆಲಾ ಮನೆಯ ಚಾವಣಿ ತಗ್ಗು. ಸರಪಳಿಯನ್ನು ಎಷ್ಟು ಗಿಡ್ಡ ಮಾಡಿದರೂ ದೀಪ ಮನುಷ್ಯರ ಎದೆಮಟ್ಟಕ್ಕೆ ಇಳಿಯಿತು. ಯಾರೂ ಢಿಕ್ಕಿ ಹೊಡೆಯದಿರಲೆಂದು ಅದರ ಕೆಳಗೆ ಮೇಜು ಸರಿಸಿದರು. ಬಿರುಕಿದ್ದವಕ್ಕೆ ಬುಡದಲ್ಲಿ ಆಸರೆ ಕೊಟ್ಟು ಏಳು ತೋಳು ಕೂರಿಸಿದೆ, ಎಂಟನೆಯ ಗೂಡಿನಲ್ಲಿ ಕೊಯ್ದ ಬುಡ ಮಾತ್ರ. ಆ ಬುಡವನ್ನು ನಿಧಾನವಾಗಿ ಬಿಡಿಸಿ, ಮುರಾನೊದಿಂದ ಹೊಸ ತೋಳು ತರಿಸಬಹುದು ಎಂದೆ. ರೋಸಾ ಕೇಳಿಸಿಕೊಳ್ಳಲಿಲ್ಲ. ವಾಕರ್ ಬಿಟ್ಟು, ಮೇಜಿಗೆ ಒರಗಿ, ಒಂದು ಕರವಸ್ತ್ರ ತೆಗೆದು ಹತ್ತಿರದ ತೋಳನ್ನು ಒರೆಸತೊಡಗಿದ್ದರು. ಸುಮಾರು ಐವತ್ತು ವರ್ಷ ತಲೆಯ ಮೇಲಿದ್ದದ್ದು ಈಗ ಕೈಗೆ ಎಟುಕುತ್ತಿತ್ತು.

ವಾರದ ನಂತರ ಡೇಲ್ ನನ್ನ ಅರ್ಜಿಗೆ ಸಹಿ ಹಾಕಿದರು, ಏನೂ ಕೇಳದೆ. ನಾನು ಆ ಸಂಸ್ಥೆಯಲ್ಲಿ ಮತ್ತೆ ಹಲವು ವರ್ಷ ಇದ್ದೆ, ಇಷ್ಟವಿದ್ದಾಗಲೂ ಇಲ್ಲದಾಗಲೂ. ಗುರುರಾಜರಿಗೆ ಗ್ರೀನ್ ಕಾರ್ಡ್ ಬಂದ ಸುದ್ದಿಯನ್ನು ಶೈಲಜಾ ಫೋನಿನಲ್ಲಿ ತಿಳಿಸಿದರು.

ಆ ಕೆಲಸ ನನಗೆ ಕಲಿಸಿದ್ದು ಇದು. ಹಳೆಯ ದೀಪಗಳನ್ನು ಕೆಡಿಸಿದ ರಿಪೇರಿಗಳ ಹಿಂದೆ ಬೇಜವಾಬ್ದಾರಿಯ ಜನ ಕಡಿಮೆ. ಹೆಚ್ಚಿನ ಸಲ ಇರುವುದು ಆ ಮನೆಯವರಿಗೆ ಏನಾದೀತೋ ಎಂದು ಹೆದರಿದ ಒಬ್ಬ ಆಪ್ತ. ಅಂಥವರ ಹೆಸರನ್ನು ವರದಿಯಲ್ಲಿ ಬರೆಯಲೇಬೇಕು, ಬರೆಯುತ್ತೇನೆ. ಆದರೆ ದೀಪ ಇಳಿಸುವ ದಿನ ಅವರನ್ನು ಮೊದಲೇ ಕರೆದಿರುತ್ತೇನೆ. ಅಷ್ಟು ಭದ್ರವಾಗಿ ಹಿಡಿಯುವವರು ಬೇರೆ ಯಾರೂ ಸಿಗುವುದಿಲ್ಲ.